ಸೆಟ್ ದೋಸೆಯ ಸೆಟ್ಟೇ ಬೇರೆ, ಸಿಮೆಂಟಿನ ಸೆಟ್ಟೇ ಬೇರೆ

ಬಸವನಗುಡಿಯ ಒಂದು ದರ್ಶಿನಿ, ಬೆಳಗ್ಗೆ ಏಳೂವರೆ. ಕೌಂಟರಿನಲ್ಲಿ ಯಾರೋ "ಎರಡು ಸೆಟ್, ಎರಡು ಕಾಫಿ" ಅಂದರು. ಒಂದರ ಮೇಲೊಂದು ಒರಗಿದ ಮೂರು ಮೆತ್ತನೆಯ ದೋಸೆ, ಪಕ್ಕದಲ್ಲಿ ಸಾಗು. ಎದುರಿನ ಹೊಸ ಕಟ್ಟಡದಿಂದ ಮೇಸ್ತ್ರಿಯ ಕೂಗು: "ಸೆಟ್ ಆಗ್ಲಿ ಇರೋ, ಈಗ್ಲೇ ನೀರು ಹೊಡೀಬೇಡ." ನನ್ನ ಪಕ್ಕ ನಿಂತಿದ್ದ ಹಿರಿಯರು ಫೋನಿನಲ್ಲಿ, "ನಮ್ಮ ಹುಡುಗಿ ಮದುವೆ ಸೆಟ್ ಆಯ್ತು ಕಣಯ್ಯಾ!" ಲೋಟದ ಕಾಫಿ ಆರುವಷ್ಟರಲ್ಲಿ ಮೂರು ಸೆಟ್.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಈ ಪುಟ್ಟ ಕ್ರಿಯಾಪದದ್ದೇ. ಸುಮಾರು 430 ಅರ್ಥ, ಅವನ್ನು ವಿವರಿಸಲು 60,000 ಪದ. ಈಚೆಗೆ ಆ ಪಟ್ಟವನ್ನು 'ರನ್' ಕಸಿದುಕೊಂಡಿದೆ. ಕನ್ನಡದವರು ಇದಕ್ಕೆ ಬೆರಗಾಗಬೇಕಿಲ್ಲ, ನಮ್ಮ 'ಹಾಕು' ಏನು ಕಡಿಮೆ? ಬೀಗ ಹಾಕು, ಅರ್ಜಿ ಹಾಕು, ರಂಗೋಲಿ ಹಾಕು, ಓಟು ಹಾಕು, ಶಾಪ ಹಾಕು. ಹಸು ಕರು ಹಾಕುತ್ತದೆ, ಅಮ್ಮ ಅನ್ನ ಹಾಕುತ್ತಾಳೆ. ಹೆಚ್ಚು ಬಳಸಿದಷ್ಟೂ ಪದಕ್ಕೆ ಅರ್ಥ ಹೆಚ್ಚು ಅಂಟಿಕೊಳ್ಳುತ್ತದೆ.

ನನ್ನನ್ನು ಕಾಡಿದ್ದು ಅರ್ಥಗಳ ಎಣಿಕೆಯಲ್ಲ, ಹುಟ್ಟು. ಕಳೆದ ವಾರ ಇದೇ ದರ್ಶಿನಿಯಲ್ಲಿ ಗೆಳೆಯರೊಬ್ಬರು ಬಹಳ ನಂಬಿಕೆಯಿಂದ ಹೇಳಿದರು: "ಸೆಟ್ ಅನ್ನೋದು ನಮ್ಮ 'ಸೆಟೆ'ಯಿಂದಲೇ ಹೋಗಿದ್ದು. ಸೆಟೆದು ನಿಲ್ತು ಅಂದ್ರೆ ಗಟ್ಟಿಯಾಯ್ತು ಅಂತ. ಸಿಮೆಂಟೂ ಹಾಗೇ ಅಲ್ವಾ?" ಅದಕ್ಕೆ ಇನ್ನೊಬ್ಬರು, "ಅಲ್ಲ, ಎಲ್ಲ ಸಂಸ್ಕೃತದಿಂದ ಹೋಗಿದ್ದು" ಅಂದರು. ಇಂಥ ಮಾತು ಕೇಳಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಸದ್ದೂ ಹೊಂದಿತು, ಅರ್ಥವೂ ಹೊಂದಿತು ಎಂದ ಮಾತ್ರಕ್ಕೆ ನಂಟು ಸಾಬೀತಾಗುವುದಿಲ್ಲ. 'ಕರಿ' ಅಂದರೆ ಕನ್ನಡದಲ್ಲಿ ಕಪ್ಪು, ಸಂಸ್ಕೃತದಲ್ಲಿ ಆನೆ. ಆನೆ ಕಪ್ಪಗಿದೆ ಅಂತ ಎರಡನ್ನೂ ಗಂಟು ಹಾಕಿದರೆ ತಪ್ಪು. ಸಂಸ್ಕೃತದ ಕರಿ 'ಕರ' ಇರುವುದು, ಅಂದರೆ ಸೊಂಡಿಲೆಂಬ ಕೈ ಉಳ್ಳದ್ದು. 'ಸೆಟೆ'ಯೂ ಹೀಗೇ, ಬರೀ ಆಕಸ್ಮಿಕ.

ನಂಟನ್ನು ತೋರಿಸುವುದು ಕ್ರಮಬದ್ಧ ವ್ಯತ್ಯಾಸ. ಸಂಸ್ಕೃತದ 'ದ್ವಿ' ಇಂಗ್ಲಿಷಿನಲ್ಲಿ 'ಟೂ', 'ದಶ' ಅಲ್ಲಿ 'ಟೆನ್', 'ಪದ' ಅಲ್ಲಿ 'ಫುಟ್'. ಸಾಲಾಗಿ ನೋಡಿ, ಇಲ್ಲಿ ದಕಾರ ಇದ್ದಲ್ಲೆಲ್ಲ ಅಲ್ಲಿ ಟಕಾರ. ಈ ನಿಯಮವನ್ನು 1822ರಲ್ಲಿ ವಿವರವಾಗಿ ಮಂಡಿಸಿದವರು ಜರ್ಮನಿಯ ಯಾಕೋಬ್ ಗ್ರಿಮ್. ಮಕ್ಕಳ ಕಥೆಗಳನ್ನು ಕೂಡಿಟ್ಟ ಗ್ರಿಮ್ ಸಹೋದರರಲ್ಲಿ ದೊಡ್ಡವರು ಇವರೇ. ಇಂಗ್ಲಿಷು ಸಂಸ್ಕೃತದಿಂದ ನೇರವಾಗಿ ಎರವಲು ಪಡೆದಿದ್ದರೆ ದಕಾರ ಟಕಾರವಾಗುತ್ತಿರಲಿಲ್ಲ. ನಿಜವಾಗಿ ಎರವಲು ಪಡೆದ 'ಪಂಡಿತ'ನಲ್ಲಿ ನೋಡಿ, 'ಪಂಡಿಟ್' ಆದರೂ ಡಕಾರ ಹಾಗೇ ಉಳಿದಿದೆ. ಹಾಗಾಗಿ ಸಂಸ್ಕೃತ ಇಂಗ್ಲಿಷಿನ ತಾಯಿಯಲ್ಲ, ದೊಡ್ಡಮ್ಮ. ಇಬ್ಬರಿಗೂ ಒಬ್ಬಳೇ ಪೂರ್ವಜೆ.

ಆ ಪೂರ್ವಜ ಭಾಷೆಯಲ್ಲಿ 'ಸೆಡ್' ಎಂಬ ಧಾತು ಇತ್ತು, ಅರ್ಥ 'ಕೂರು'. ಅದು ಸಂಸ್ಕೃತದಲ್ಲಿ 'ಸದ್' ಆಯಿತು. ಕೂರುವ ಮನೆ ಸದನ, ಸುತ್ತ ಕೂತವರು ಪರಿಷತ್ತು, ಗುರುವಿನ ಬಳಿ ಕೂತದ್ದು ಉಪನಿಷತ್ತು. ಕದಡಿದ್ದೆಲ್ಲ ತಳಕ್ಕೆ ಕೂತು ತಿಳಿಯಾದ ನೀರು ಪ್ರಸನ್ನ. ದೇವಸ್ಥಾನದ ಪ್ರಸಾದವೂ ಅಲ್ಲಿಂದಲೇ. ಹಕ್ಕಿ ಕೆಳಗೆ ಕೂರುವ ತಾಣ ಸಂಸ್ಕೃತದಲ್ಲಿ 'ನೀಡ', ಇಂಗ್ಲಿಷಿನಲ್ಲಿ 'ನೆಸ್ಟ್'. ಎರಡೂ ಒಂದೇ ಪದದ ಎರಡು ರೂಪ ಎಂದು ತಿಳಿದ ದಿನ ನಾನು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಇಂಗ್ಲಿಷಿನಲ್ಲಿ ಅದೇ ಧಾತು 'ಸಿಟ್'. ಹಾಗಾದರೆ 'ಸೆಟ್'? ಕೂರು ಎಂಬುದಕ್ಕೆ ನಾವು 'ಇಸು' ಹಚ್ಚಿ 'ಕೂರಿಸು' ಮಾಡುತ್ತೇವೆ. ಇಂಗ್ಲಿಷಿನ ಅಜ್ಜಿ ಭಾಷೆ 'ಸಟ್' ಎಂಬುದಕ್ಕೆ 'ಯನ್' ಹಚ್ಚಿ 'ಸಟ್ಯನ್' ಮಾಡಿತು. ಆಮೇಲೆ ನಡೆದದ್ದೇ ಸೊಗಸು. ಇಳಿಯುವ ಸ್ಟಾಪಿಗೆ ಮುಂಚೆಯೇ ನಾವು ಎದ್ದು ಬಸ್ಸಿನ ಬಾಗಿಲಿಗೆ ಬಂದು ನಿಲ್ಲುವುದಿಲ್ಲವೇ? ನಾಲಿಗೆಯೂ ಹಾಗೇ. ಮುಂದೆ 'ಯ' ಬರಲಿದೆ ಎಂದು ಗೊತ್ತಾಗುತ್ತಲೇ ಹಿಂದಿನ 'ಅ' ಹೇಳುವಾಗಲೇ ಮೇಲೆದ್ದು 'ಎ' ಕಡೆಗೆ ಸರಿಯಿತು. ತಿರುವು ಬರುವ ಮೊದಲೇ ಆಟೋ ಆ ಕಡೆ ವಾಲುವ ಹಾಗೆ. ಕಾಲಾಂತರದಲ್ಲಿ 'ಯ' ಸವೆದು ಹೋಯಿತು, ವಾಲಿದ್ದು ವಾಲಿದಂತೆಯೇ ಉಳಿಯಿತು. ಗೋಡೆಯ ಪಟ ತೆಗೆದರೂ ಅದರ ಜಾಗ ಕಾಣುವ ಹಾಗೆ, ಸೆಟ್‌ನ ಎಕಾರದಲ್ಲಿ ಆ ಹೋದ 'ಯ' ಕಾಣುತ್ತದೆ. ಮಕ್ಕಳು ಬಾಯಿಪಾಠ ಮಾಡುವ ಮ್ಯಾನ್–ಮೆನ್, ಫುಟ್–ಫೀಟ್ ಕೂಡ ಇದೇ ವಾಲಾಟದ ಫಲ.

ಕನ್ನಡದ ನಾಲಿಗೆಯೂ ಇಂಥದ್ದನ್ನು ಮಾಡಿದೆ. ತಮಿಳು ಬರಹದಲ್ಲಿ ಇಲೈ, ಕುಡೈ, ವಿರಲ್. ನಮ್ಮಲ್ಲಿ ಎಲೆ, ಕೊಡೆ, ಬೆರಳು. ಎರಡನೇ ಅಕ್ಷರದ ಅಕಾರ ಹಿಂದಕ್ಕೆ ಕೈ ಚಾಚಿ ಇಕಾರವನ್ನು ಎಕಾರವಾಗಿ, ಉಕಾರವನ್ನು ಒಕಾರವಾಗಿ ಕೆಳಕ್ಕೆಳೆದಿದೆ. ದಿಕ್ಕು ಬೇರೆ, ಕೆಲಸ ಅದೇ.

ಹಾಗಾಗಿ ಸೆಟ್ ಅಂದರೆ ಕೂರಿಸು. ಗಲ್ಲಿಯ ಹುಡುಗರು ಗಣಪತಿ ಕೂರಿಸುತ್ತಾರೆ, ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ. ಆ ಹರಳಿಗೆ ಇಂಗ್ಲಿಷಿನವರು ಬಳಸುವುದೂ ಸೆಟ್ ಎಂಬ ಮಾತನ್ನೇ. ಮೇಸ್ತ್ರಿಯ ಸಿಮೆಂಟೂ ಇದ್ದಲ್ಲೇ ಕೂರುತ್ತದೆ. (ಅದು ಒಣಗಿ ಗಟ್ಟಿಯಾಗುತ್ತದೆ ಎನ್ನುವವರು ಇನ್ನೂ ಇದ್ದಾರೆ. ಅಲ್ಲ, ನೀರಿನೊಂದಿಗೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿಯಾಗುತ್ತದೆ. ಅದಕ್ಕೇ ಆಮೇಲೂ ದಿನಗಟ್ಟಲೆ ನೀರುಣಿಸಿ ಕ್ಯೂರಿಂಗ್ ಮಾಡುವುದು.)

ದೋಸೆಯ ಸೆಟ್ ಮಾತ್ರ ಈ ಮನೆತನದ್ದಲ್ಲ. ಗುಂಪು ಎಂಬರ್ಥದ ಸೆಟ್ ಹಳೆಯ ಫ್ರೆಂಚಿನ 'ಸೆಟ್ಟೆ', ಅದರ ಮೂಲ ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಒಬ್ಬನನ್ನು ಹಿಂಬಾಲಿಸುವವರ ಬಳಗ. ಅದರ ಹಿಂದಿರುವ ಧಾತುವಿನ ಅರ್ಥ 'ಜೊತೆಗೆ ಹೋಗು'. ಸಂಸ್ಕೃತದಲ್ಲಿ ಅದು 'ಸಚ್', ಅದರಿಂದ ಬಂದವನು ಜೊತೆಗಾರನಾದ ಸಚಿವ. ವಿಧಾನಸೌಧದಲ್ಲಿ ಸಚಿವರು ಸದನಕ್ಕೆ ಬಂದಾಗಲೆಲ್ಲ ದೋಸೆಯ ಸೆಟ್‌ನ ನೆಂಟ ಸಿಮೆಂಟಿನ ಸೆಟ್‌ನ ನೆಂಟನ ಮನೆಗೆ ಬಂದಂತೆ! ಇಂಗ್ಲಿಷಿನಲ್ಲಿ ಈ ಎರಡು ಹೊಳೆಗಳು ಸೇರಿ ಎಷ್ಟೋ ಶತಮಾನ ಕಳೆದಿವೆ. ಟೀ ಸೆಟ್ ಎಂದಾಗ ಗುಂಪೂ ಹೌದು, ಒಟ್ಟಿಗೆ ಇಟ್ಟದ್ದೂ ಹೌದು.

ಮೊನ್ನೆ ಚಿಕ್ಕಪೇಟೆಯಲ್ಲಿ ನನ್ನ ಹೆಂಡತಿ ಹಸಿರು ಸೀರೆಗೆ ರವಿಕೆ ಬಟ್ಟೆ ಹುಡುಕುತ್ತಿದ್ದಳು. ಅಂಗಡಿಯವರು ನೇರಳೆ ತುಂಡೊಂದನ್ನು ಸೆರಗಿನ ಮೇಲೆ ಹಾಸಿ, ತಲೆ ಓರೆ ಮಾಡಿ ನೋಡಿ, "ಇದು ಸೆಟ್ ಆಗಲ್ಲ ತಾಯಿ" ಅಂದರು. ಇಂಗ್ಲಿಷಿನವರು ಹೀಗೆ ಹೇಳುವುದಿಲ್ಲ. 'ಒಗ್ಗುವುದಿಲ್ಲ' ಎಂಬ ಈ ಅರ್ಥ ಕನ್ನಡದ ಬಾಯಲ್ಲಿ ಬೆಳೆದದ್ದು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹುಡುಗ, "ಹೌದು ಮೇಡಂ, ಸೂಟ್ ಆಗಲ್ಲ" ಅಂದ. ಆ ಸೂಟ್ ಕೂಡ ಲ್ಯಾಟಿನ್ನಿನ ಅದೇ 'ಹಿಂಬಾಲಿಸು' ಎಂಬ ಕ್ರಿಯಾಪದದಿಂದ ಬಂದದ್ದು.