ಬಂಡೆಯ ಮೇಲೊಂದು ಹಿಡಿ ಬೀಜ

ಮಲೆನಾಡಿನ ನಮ್ಮ ಮನೆಯ ಹಿಂದೆ ಒಂದು ಹಾಸುಬಂಡೆ ಇದೆ. ಚಿಕ್ಕವನಿದ್ದಾಗ ಕೆಲವು ದಿನ ಬೆಳಗ್ಗೆ ಎದ್ದು ನೋಡಿದರೆ ಅದರ ಮೇಲೆ ಒಂದು ಹಿಡಿಯಷ್ಟು ಬೀಜಗಳ ಗುಡ್ಡೆ ಇರುತ್ತಿತ್ತು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು, ಕಲ್ಲಿನಷ್ಟು ಗಟ್ಟಿ. ಮೇಲೆ ತಲೆಯೆತ್ತಿದರೆ ಬರೀ ಆಕಾಶ, ಮರವೇ ಇಲ್ಲ. ಅಜ್ಜಿ ಒಮ್ಮೆ ನೋಡಿದ್ದೇ, “ಬಗನಿ ಬೀಜ ಕಣೋ, ಕಬ್ಬೆಕ್ಕು ಹೇತು ಹೋಗಿದೆ” ಅಂದಳು. ಬಗನಿ ಅಂದರೆ ತಾಳೆಯ ಜಾತಿಯ ಮರ, ಕಬ್ಬೆಕ್ಕು ಪುನುಗುಬೆಕ್ಕಿನ ಜಾತಿಯ ಪ್ರಾಣಿ.

ನೆಲದಲ್ಲಿ ಗುರುತಿಲ್ಲದ ಬೀಜ ಸಿಕ್ಕಾಗ ನಾವು ತಕ್ಷಣ ಅದನ್ನು ಎತ್ತಿಕೊಂಡುಬಿಡುತ್ತೇವೆ. ಹಾಗೆ ಮಾಡಬೇಡಿ. ಅದು ಬಿದ್ದಿರುವ ರೀತಿಯನ್ನು ಮೊದಲು ನೋಡಿ. ಒಂಟಿಯೋ, ಗುಡ್ಡೆಯೋ? ತಿರುಳು ಅಂಟಿದೆಯೋ, ತೊಳೆದಿಟ್ಟಂತಿದೆಯೋ? ಹಲ್ಲಿನ ಗುರುತು ಇದೆಯೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಬ್ಬೆಕ್ಕು ಹಣ್ಣನ್ನು ಹೆಚ್ಚು ಅಗಿಯದೆ ನುಂಗುತ್ತದೆ. ತಿರುಳು ಅರಗುತ್ತದೆ, ಬೀಜ ಹಾಗೇ ಹೊರಬರುತ್ತದೆ. ಬಂಡೆ, ಬಿದ್ದ ಮರ, ಮನೆಯ ಮಾಡು, ಹೀಗೆ ಎತ್ತರದ ಬಯಲು ಜಾಗ ಅದಕ್ಕೆ ಇಷ್ಟ. ಅಲ್ಲಿಗೇ ಮತ್ತೆ ಮತ್ತೆ ಬರುತ್ತದೆ. ಬಗನಿ ಹಣ್ಣನ್ನು ಬರಿಗೈಯಲ್ಲಿ ಹಿಸುಕಿದವರಿಗೆ ಗೊತ್ತು, ಎಂಥಾ ತುರಿಕೆ ಅಂತ! ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ನಾವು ಮುಟ್ಟಲಾರದ ಹಣ್ಣನ್ನು ಈ ಪ್ರಾಣಿ ಹೊಟ್ಟೆತುಂಬ ತಿನ್ನುತ್ತದೆ. ಬೀಜದ ಆ ಚಪ್ಪಟೆ ಮೈಗೂ ಕಾರಣವಿದೆ. ಒಂದೇ ಹಣ್ಣಿನೊಳಗೆ ಎರಡು ಬೀಜ ಒತ್ತಿಕೊಂಡು ಬೆಳೆದಾಗ ನಡುವಿನ ಮೈ ತಟ್ಟಿದಂತಾಗುತ್ತದೆ. ಒಂದೇ ಬೀಜವಿದ್ದರೆ ಅದು ಗುಂಡಗಿರುತ್ತದೆ.

ಬಾವಲಿಯ ರೀತಿ ಬೇರೆ. ಅದು ಹಣ್ಣನ್ನು ಕಚ್ಚಿಕೊಂಡು ಇನ್ನೊಂದು ಮರಕ್ಕೆ ಹಾರಿ, ತಲೆಕೆಳಗಾಗಿ ನೇತಾಡುತ್ತಾ ತಿರುಳು ಚೀಪಿ ಬೀಜ ಬಿಡುತ್ತದೆ. ಕರಾವಳಿಯಲ್ಲಿ ಮಾವಿನ ಮರದ ಕೆಳಗೆ ಗೋಲಿಯಂಥ ಹೊನ್ನೆ ಬೀಜ ರಾಶಿ ಬಿದ್ದಿದ್ದರೆ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಹಲ್ಲಿನ ಗೀರು ಕಾಣಬಹುದು.

ದಾಂಡೇಲಿ ಕಾಡಿನಲ್ಲಿ ದೊಡ್ಡ ಮರದ ಬುಡದಲ್ಲಿ ನಾಲ್ಕಾರು ಜಾತಿಯ ಬೀಜ ಒಟ್ಟಿಗೆ ಸಿಕ್ಕರೆ ಸದ್ದು ಮಾಡದೆ ಹಿಂದೆ ಸರಿಯಿರಿ. ಮೇಲೆ ಮಂಗಟ್ಟೆ ಎಂಬ ದೊಡ್ಡ ಕೊಕ್ಕಿನ ಹಕ್ಕಿಯ ಗೂಡಿರಬಹುದು. ಹೆಣ್ಣು ಪೊಟರೆಯೊಳಗೆ ಕೂತು ಅದರ ಬಾಯಿಯನ್ನು ಸಣ್ಣ ಸೀಳಷ್ಟೇ ಬಿಟ್ಟು ಮುಚ್ಚಿಕೊಂಡಿರುತ್ತದೆ. ಗಂಡು ಹಣ್ಣು ತಂದು ಉಣಿಸುತ್ತದೆ. ತಿಂದ ಮೇಲೆ ಉಳಿದ ಬೀಜವೆಲ್ಲ ಕೆಳಕ್ಕೆ. ಪತ್ರೆ ಎಂಬ ಮೇಲ್ಹೊದಿಕೆ ಕಳಚಿ ಬೆತ್ತಲಾದ ರಾಂಪತ್ರೆ, ಅಂದರೆ ಕಾಡುಜಾಯಿಕಾಯಿಯ ಬೀಜವೂ ಅದರಲ್ಲಿರಬಹುದು. ಹಕ್ಕಿ ಏನು ತಿಂದಿದೆ ಅಂತ ತಿಳಿಯಲು ಸಂಶೋಧಕರು ನೋಡುವುದೂ ಇದೇ ರಾಶಿಯನ್ನು.

ಬೂದು ಬಣ್ಣದ, ರೇಷ್ಮೆಯಂತೆ ಮಿನುಗುವ, ನಾಣ್ಯದಂಥ ಬೀಜ ಸಿಕ್ಕರೆ ಮಾತ್ರ ಜೋಪಾನ. ಅದು ಕಾಸರಕ. ಮಂಗಟ್ಟೆಗಳು ಇದರ ತಿರುಳು ತಿನ್ನುತ್ತವೆ, ಆದರೆ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಕಡುವಿಷ. ಗೊತ್ತಿಲ್ಲದ ಬೀಜವನ್ನು ಸುಮ್ನೆ ಕಚ್ಚಿ ನೋಡುವ ಅಭ್ಯಾಸ ಮಕ್ಕಳಿಗೆ ಜಾಸ್ತಿ ಅಲ್ವಾ, ಮೊದಲೇ ಹೇಳಿಬಿಡಿ.

ಬಗನಿಯ ವಿಷಯಕ್ಕೆ ಬಂದರೆ, ಈ ಮರ ತುದಿಯಿಂದ ಹೂಗೊಂಚಲು ಬಿಡಲು ಶುರುಮಾಡಿ, ಕೆಲವು ವರ್ಷಗಳಲ್ಲಿ ಒಂದೊಂದಾಗಿ ಕೆಳಗಿಳಿಯುತ್ತಾ ಬರುತ್ತದೆ. ಕೊನೆಯ ಗೊಂಚಲು ಹಣ್ಣಾದ ಮೇಲೆ ಸಾಯುತ್ತದೆ. ನಮ್ಮ ತೋಟದ ಅಂಚಿನಲ್ಲಿದ್ದ ಬಗನಿಯೂ ಹಾಗೇ ಒಣಗಿ ನಿಂತಿತು. ಆದರೆ ಬಂಡೆಯ ಸಂದಿನಲ್ಲಿ, ಮಳೆನೀರು ಮಣ್ಣು ತಂದು ಕೂರಿಸಿದ ಕಡೆ, ಮೀನಿನ ಬಾಲದಂಥ ಎಲೆಯ ಮೂರು ಸಸಿಗಳಿವೆ. ಯಾರೂ ನೆಟ್ಟವಲ್ಲ. ಅಪ್ಪ ಕಳೆ ತೆಗೆಯುವಾಗ ಕತ್ತಿಯನ್ನು ಅವುಗಳ ಪಕ್ಕದಿಂದ ಸುತ್ತಿಸಿಕೊಂಡು ಹೋಗುತ್ತಾರೆ.