ಅಗ್ಗದ ಸಹಿ, ಮುಂದಿನ ವರ್ಷದ ಬಿಲ್ಲು

ಓದುಗರ ಪ್ರಶ್ನೆ: ನಮ್ಮ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ತಂಡ 37 ವರ್ಷದ ಡಿಫೆನ್ಸ್‌ಮನ್‌ನನ್ನು (ರಕ್ಷಣಾ ಆಟಗಾರನನ್ನು) ಇನ್ನೊಂದು ವರ್ಷಕ್ಕೆ ಉಳಿಸಿಕೊಂಡಿದೆ. ಸಂಬಳ ಬರೀ 10 ಲಕ್ಷ ಡಾಲರ್, ಅದರ ಮೇಲೆ ಬೋನಸ್ ಅಂತೆ. ಇಷ್ಟು ಅಗ್ಗಕ್ಕೆ ಸಿಕ್ಕಿದ ಹಳೇ ಹುಲಿಯನ್ನು ಬೇಡ ಅನ್ನೋರೂ ಇದ್ದಾರಲ್ಲ, ಯಾಕೆ?

ಉತ್ತರ: ಅಗ್ಗ ಅನ್ನುವ ಮೊದಲು ಆ ಬೋನಸ್ ಯಾವುದಕ್ಕೆ ಸಿಗುತ್ತದೆ ಅಂತ ನೋಡಿ. ಗೋಲಿಗೋ ಪ್ರಶಸ್ತಿಗೋ ಆದರೆ ಸರಿ, ಅದು ಬೋನಸ್ಸೇ. ಆದರೆ ಹಿರಿಯರ ಒಪ್ಪಂದಗಳಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ‘10 ಪಂದ್ಯ ಆಡಿದರೆ’ ಎಂಬ ಷರತ್ತಿಗೆ ಅಂಟಿಕೊಂಡಿರುತ್ತದೆ. ಲೀಗ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಗಾಯವಾಗದಿದ್ದರೆ ನವೆಂಬರ್ ಮೊದಲ ವಾರದ ಹೊತ್ತಿಗೆ 10 ಪಂದ್ಯ ಮುಗಿದಿರುತ್ತದೆ. ಅಂದರೆ ಅದು ಬೋನಸ್ ವೇಷ ಹಾಕಿಕೊಂಡ ಸಂಬಳ.

ವೇಷ ಯಾಕೆ ಬೇಕು? ಎನ್‌ಎಚ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ, ಒಂದು ತಂಡದ ಸಂಬಳಗಳೆಲ್ಲ ಸೇರಿ ಅದರೊಳಗೇ ಇರಬೇಕು. 2025-26ಕ್ಕೆ ಅದು 9.55 ಕೋಟಿ ಡಾಲರ್. ಆದರೆ ಬೋನಸ್‌ಗಳಿಗೆ ಒಂದು ಕಿಂಡಿ ಬಿಟ್ಟಿದ್ದಾರೆ. ಬೋನಸ್ ಬಾಬತ್ತಿನಲ್ಲಿ ಮಾತ್ರ ತಂಡ ಕ್ಯಾಪ್‌ನ ಶೇ 7.5ರಷ್ಟು ಮೀರಬಹುದು, ಆ ವರ್ಷದ ಲೆಕ್ಕದಲ್ಲಿ ಸುಮಾರು 71.6 ಲಕ್ಷ ಡಾಲರ್. ಹೀಗೆ ಮೀರಿದ ಹಣ ಮಾಯವಾಗುವುದಿಲ್ಲ. ಆಟಗಾರ ಬೋನಸ್ ಗಳಿಸಿದರೆ, ಕ್ಯಾಪ್‌ನೊಳಗೆ ಹಿಡಿಸದೆ ಉಳಿದದ್ದು ಮುಂದಿನ ವರ್ಷದ ಕ್ಯಾಪ್‌ನಿಂದ ವಜಾ ಆಗುತ್ತದೆ. ಅಂಗಡಿ ಉದ್ರಿ ಪುಸ್ತಕದ ಹಾಗೆ: ಸಾಮಾನು ಇವತ್ತು ಮನೆಗೆ ಬಂತು, ಬಿಲ್ಲು ಮುಂದಿನ ತಿಂಗಳು.

ಈ ಉದ್ರಿ ಎಲ್ಲರಿಗೂ ಸಿಗುವುದಿಲ್ಲ. ಮೊದಲ ಒಪ್ಪಂದದಲ್ಲಿರುವ ಹುಡುಗರನ್ನು ಮತ್ತು ದೀರ್ಘ ಗಾಯದಿಂದ ಮರಳಿದ ಅನುಭವಿಗಳನ್ನು ಬಿಟ್ಟರೆ ಬೋನಸ್‌ಗೆ ಅರ್ಹರು 35 ತುಂಬಿದವರು ಮಾತ್ರ, ಅದೂ ಒಪ್ಪಂದ ಒಂದೇ ವರ್ಷದ್ದಾಗಿದ್ದರೆ. ವಯಸ್ಸಿನ ಲೆಕ್ಕ ಸಹಿ ಹಾಕಿದ ದಿನದ್ದಲ್ಲ, ಒಪ್ಪಂದ ಜಾರಿಗೆ ಬರುವ ಮುಂಚಿನ ಜೂನ್ 30ರದ್ದು. 1985ರ ಮಾರ್ಚ್‌ನಲ್ಲಿ ಹುಟ್ಟಿದ ಡಿಫೆನ್ಸ್‌ಮನ್ ಬ್ರೆಂಟ್ ಬರ್ನ್ಸ್ 2025ರಲ್ಲಿ ಕೊಲೊರಾಡೊ ತಂಡ ಸೇರಿದ್ದು ಈ ದಾರಿಯಲ್ಲೇ. ಮೂಲ ಸಂಬಳ 10 ಲಕ್ಷ, ಬೋನಸ್ 40 ಲಕ್ಷದವರೆಗೆ. ಹಿಂದಿನ ಮೂರು ಋತುಗಳಲ್ಲಿ ಕೆರೊಲೈನಾ ಪರ ಒಂದು ಪಂದ್ಯವನ್ನೂ ತಪ್ಪಿಸದೆ, ವರ್ಷಕ್ಕೆ 82ರಂತೆ ಆಡಿದ ಆಸಾಮಿ ಅವರು. ಪಂದ್ಯಗಳ ಎಣಿಕೆಗೆ ಕಟ್ಟಿದ ಬೋನಸ್ ಅಂಥವರ ಕೈ ತಪ್ಪುತ್ತದೆಯೇ?

ಬಿಲ್ಲು ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಬಾಸ್ಟನ್ ಬ್ರೂಯಿನ್ಸ್ ಇದೆ. ಅಲ್ಲಿನ ಇಬ್ಬರು ಹಿರಿಯರು ಡಿಫೆನ್ಸ್‌ಮನ್‌ಗಳಲ್ಲ, ಸೆಂಟರ್‌ಗಳು (ದಾಳಿ ಸಾಲಿನ ನಡುವಿನ ಆಟಗಾರರು), ಆದರೆ ಲೆಕ್ಕ ಒಂದೇ. 2022-23ಕ್ಕೆ ಪ್ಯಾಟ್ರಿಸ್ ಬರ್ಜೆರಾನ್‌ಗೆ ಮೂಲ ಸಂಬಳ 25 ಲಕ್ಷ, ಬೋನಸ್ 25 ಲಕ್ಷ. ಡೇವಿಡ್ ಕ್ರೇಚಿಗೆ 10 ಲಕ್ಷ, ಬೋನಸ್ 20 ಲಕ್ಷ. ತಂಡ 65 ಪಂದ್ಯ ಗೆದ್ದು 135 ಅಂಕಗಳ ದಾಖಲೆ ಬರೆಯಿತು, ಪ್ಲೇಆಫ್‌ನ (ಕಪ್‌ಗಾಗಿ ನಡೆಯುವ ನಾಕೌಟ್ ಹಂತದ) ಮೊದಲ ಸುತ್ತಿನಲ್ಲೇ ಫ್ಲೋರಿಡಾಗೆ ಸೋತಿತು. ಆ ಬೇಸಿಗೆಯಲ್ಲೇ ಇಬ್ಬರೂ ಎನ್‌ಎಚ್‌ಎಲ್‌ಗೆ ವಿದಾಯ ಹೇಳಿದರು. 2023-24ರ 8.35 ಕೋಟಿಯ ಕ್ಯಾಪ್‌ನಲ್ಲಿ 45 ಲಕ್ಷ ಡಾಲರ್ ಬಾಸ್ಟನ್‌ಗೆ ಸಿಗಲೇ ಇಲ್ಲ, ಮನೆಗೆ ಹೋದವರ ಹೆಸರಲ್ಲಿ ಕುಳಿತಿತ್ತು. ಕ್ಯಾಪ್ ಜಾಗ ಬಿಡಿಸಿಕೊಳ್ಳಲು ಆಟಗಾರ ಟೇಲರ್ ಹಾಲ್‌ರನ್ನು ಶಿಕಾಗೊ ತಂಡಕ್ಕೆ ಕಳಿಸಬೇಕಾಯಿತು. ಕಪ್ ಆಸೆ ನಿಜವಾಗಿಯೂ ಇರುವ ತಂಡ ಇಂಥ ಸಾಲ ಮಾಡಿದರೆ ನಾವು ತಪ್ಪು ಅನ್ನುವುದಿಲ್ಲ. ಪ್ಲೇಆಫ್ ಬಾಗಿಲಲ್ಲಿ ಇಣುಕುವ ತಂಡ ಮಾಡಿದರೆ ಅದು ದಂಡ.

ಒಂದು ವರ್ಷದ ಬದಲು ಎರಡು ವರ್ಷ ಕೊಟ್ಟರೆ? ಆಗ ಬೋನಸ್ಸೇ ಇಲ್ಲ. ಬೇರೆ ಅಪಾಯ ಬರುತ್ತದೆ. 35 ದಾಟಿದವರ ಬಹುವರ್ಷದ ಒಪ್ಪಂದವಾದರೆ ಆಟಗಾರ ನಡುವೆ ನಿವೃತ್ತನಾದರೂ ಮೊತ್ತ ತಂಡದ ಕ್ಯಾಪ್ ಮೇಲೆ ಉಳಿಯುತ್ತಿತ್ತು. 2020ರಲ್ಲಿ ಇದನ್ನು ಸಡಿಲಿಸಿದರು: ವರ್ಷದಿಂದ ವರ್ಷಕ್ಕೆ ಹಣ ಸಮನಾಗಿದ್ದರೆ ಅಥವಾ ಏರುತ್ತಿದ್ದರೆ, ಸಹಿ ಬೋನಸ್ (ಸಹಿ ಹಾಕಿದ್ದಕ್ಕೇ ಕೊಡುವ ಹಣ) ಮೊದಲ ವರ್ಷ ಮಾತ್ರ ಇದ್ದರೆ, ಆ ಹೊರೆ ಇಲ್ಲ. ಮೊದಲ ವರ್ಷ ಜಾಸ್ತಿ, ಎರಡನೇ ವರ್ಷ ಕಮ್ಮಿ ಅಂತ ಇದ್ದರೆ ಹುಷಾರು.

ದುಡ್ಡಿನ ಮಾತು ಸಾಕು. ಒಳ್ಳೆಯ ಬೆಲೆಗೆ ಬಂದ ಹಿರಿಯ ಕೆಡುವುದು ಹೆಚ್ಚಾಗಿ ಅವನಿಗೆ ಕೊಟ್ಟ ಕೆಲಸದಿಂದ. ಪಂದ್ಯ 60 ನಿಮಿಷ, ಡಿಫೆನ್ಸ್‌ನಲ್ಲಿ ಮೂರು ಜೋಡಿ. ಮೊದಲ ಜೋಡಿ 22ರಿಂದ 25 ನಿಮಿಷ ಆಡುತ್ತದೆ, ಮೂರನೆಯದು 14ರಿಂದ 17. ಮೂರನೇ ಜೋಡಿಯಲ್ಲಿ ಕೂರಿಸಿ ಪೆನಾಲ್ಟಿ ಕಿಲ್‌ಗೆ (ಶಿಕ್ಷೆಯಿಂದ ಒಬ್ಬ ಆಟಗಾರ ಕಮ್ಮಿಯಾದಾಗಿನ ರಕ್ಷಣೆಗೆ) ಇಳಿಸಿದರೆ 37ರವನು ಬೆಲೆಗೆ ಎರಡರಷ್ಟು ಕೊಟ್ಟಾನು. ಮೇಲಿನ ನಾಲ್ವರಲ್ಲಿ ಇಬ್ಬರು ಗಾಯಗೊಂಡರೋ, ಕಥೆ ಬೇರೆ.

ಮಾರ್ಕ್ ಜೊರ್ಡಾನೊ ಇದಕ್ಕೆ ತಕ್ಕ ಉದಾಹರಣೆ. 2019ರಲ್ಲಿ ಲೀಗಿನ ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದವರು. 2022ರ ಮೇನಲ್ಲಿ, 38ನೇ ವಯಸ್ಸಿನಲ್ಲಿ, ಹುಟ್ಟೂರು ಟೊರಾಂಟೊದಲ್ಲೇ ಉಳಿಯಲು ವರ್ಷಕ್ಕೆ 8 ಲಕ್ಷ ಡಾಲರ್‌ನಂತೆ ಎರಡು ವರ್ಷಕ್ಕೆ ಸಹಿ ಹಾಕಿದರು. ಆಗಿನ ಕನಿಷ್ಠ ಸಂಬಳವೇ 7.5 ಲಕ್ಷ, ಹಾಗಾಗಿ ಹಣದ ಅಪಾಯ ಹೆಚ್ಚುಕಮ್ಮಿ ಸೊನ್ನೆ. ಆದರೆ ಅಕ್ಟೋಬರ್‌ನಲ್ಲೇ ಅದೇ ತಂಡದ ಡಿಫೆನ್ಸ್‌ಮನ್ ಜೇಕ್ ಮಜಿನ್ ಗಾಯಗೊಂಡು ಹೊರಬಿದ್ದರು. ನವೆಂಬರ್‌ನಲ್ಲಿ ಟಿ. ಜೆ. ಬ್ರೋಡಿ, ಅವರ ಹಿಂದೆಯೇ ಮಾರ್ಗನ್ ರೈಲಿ. ಮೂರನೇ ಜೋಡಿಗೆಂದು ಇಟ್ಟುಕೊಂಡವರ ಹೆಗಲಿಗೆ ಮೊದಲ ಜೋಡಿಯ ಹೊರೆ ಬಿತ್ತು. ಅವರು ಅದನ್ನು ಚೆನ್ನಾಗಿಯೇ ಹೊತ್ತರು. ಆದರೂ ಫೆಬ್ರವರಿ ಕೊನೆಯಲ್ಲಿ ತಂಡ ಮೆಕೇಬ್, ಶೆನ್, ಗುಸ್ತಾಫ್ಸನ್ ಎಂಬ ಮೂವರು ಡಿಫೆನ್ಸ್‌ಮನ್‌ಗಳನ್ನು ಹೊರಗಿನಿಂದ ತಂದುಕೊಂಡಿತು. ಸಹಿ ಅಗ್ಗವಾಗಿತ್ತು, ಬದಲಿ ವ್ಯವಸ್ಥೆ ಅಗ್ಗವಾಗಿರಲಿಲ್ಲ. ನಿಮ್ಮ ತಂಡದಲ್ಲಿ ಏಳನೇ, ಎಂಟನೇ ಡಿಫೆನ್ಸ್‌ಮನ್ ಯಾರು ಅಂತ ಮೊದಲು ಕೇಳಿ.

ಕೊಡಗಿನ ಮೈದಾನದ ಹಾಕಿ ನೋಡಿ ಬೆಳೆದವರು ವಯಸ್ಸಾದ ಡಿಫೆಂಡರ್‌ನ ಓಟ ನೋಡುತ್ತಾರೆ. ಮಂಜಿನ ಮೇಲೆ ಅದು ಸಾಲದು, ತಿರುವು ನೋಡಬೇಕು. ಎದುರಾಳಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಡಿದು ನುಗ್ಗುವಾಗ ಡಿಫೆನ್ಸ್‌ಮನ್ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾ, ಬ್ಲೂ ಲೈನ್ (ನಮ್ಮ ರಕ್ಷಣಾ ವಲಯದ ಗಡಿಗೆರೆ) ಹೊತ್ತಿಗೆ ನಡುವಿನ ಅಂತರವನ್ನು ಹೆಚ್ಚುಕಮ್ಮಿ ಒಂದು ಸ್ಟಿಕ್ಕಿನ ಉದ್ದಕ್ಕೆ ಇಳಿಸಬೇಕು. ಆಮೇಲೆ ಎದುರಾಳಿ ಹೊರಗಿನಿಂದ ಸುತ್ತಿದರೆ ಹಿಮ್ಮುಖದಿಂದ ಮುಮ್ಮುಖಕ್ಕೆ ತಿರುಗಿ ಮೂರು ಹೆಜ್ಜೆ ಬಲವಾಗಿ ತಳ್ಳಬೇಕು. ವಯಸ್ಸು ಕದಿಯುವುದು ಆ ತಿರುವನ್ನು, ಆ ಮೂರು ಹೆಜ್ಜೆಗಳನ್ನು. ಅದು ಆಟಗಾರನಿಗೂ ಗೊತ್ತು. ಹಾಗಾಗಿ ಅವನು ಬೇಗನೆ ಹಿಂದೆ ಸರಿಯಲು ಶುರುಮಾಡುತ್ತಾನೆ, ಅಂತರ ಎರಡು ಸ್ಟಿಕ್ ಆಗುತ್ತದೆ, ಎದುರಾಳಿ ತಡೆಯಿಲ್ಲದೆ ಬ್ಲೂ ಲೈನ್ ದಾಟುತ್ತಾನೆ. ಅಂಕಿಪಟ್ಟಿಯಲ್ಲಿ ಇದು ತಪ್ಪಾಗಿ ಕಾಣುವುದೇ ಇಲ್ಲ. ಬ್ಲಾಕ್ ಮಾಡಿದ ಶಾಟ್‌ಗಳ ಸಂಖ್ಯೆ ಬೇರೆ ಏರುತ್ತದೆ, ಆಟ ಸದಾ ನಮ್ಮ ಗೋಲ್ ಮುಂದೆಯೇ ನಡೆಯುತ್ತಿರುತ್ತದಲ್ಲ!

ಇನ್ನೊಂದು, ಪಂದ್ಯದ ಮೂರು ಭಾಗಗಳಲ್ಲಿ ಎರಡನೆಯದು, ಎರಡನೇ ಪೀರಿಯಡ್. ಆಗ ತಂಡಗಳು ಗೋಲ್ ಬದಲಿಸುತ್ತವೆ, ಬೆಂಚ್ ಅಲ್ಲೇ ಇರುತ್ತದೆ. ಡಿಫೆನ್ಸ್‌ಮನ್‌ಗೆ ಬೆಂಚ್ ದೂರವಾಗುತ್ತದೆ. ಒಂದು ಶಿಫ್ಟ್ (ಬೆಂಚ್‌ನಿಂದ ಇಳಿದು ಮತ್ತೆ ಬೆಂಚ್‌ಗೆ ಮರಳುವವರೆಗಿನ ಸರದಿ) ಸುಮಾರು 45 ಸೆಕೆಂಡಿನದು. ಪಕ್ ನಮ್ಮ ವಲಯದಿಂದ ಹೊರಗೆ ಹೋಗದಿದ್ದರೆ ಅದು ಒಂದೂವರೆ ನಿಮಿಷಕ್ಕೆ ಎಳೆಯುತ್ತದೆ, ದಣಿದ ಕಾಲು ಬೆಂಚ್ ತಲುಪುವುದಿಲ್ಲ. ಮೂಲೆಗೆ ಬಂದ ಪಕ್ ಎತ್ತಲು ಹೋಗುವಾಗ ಅವನು ಭುಜದ ಮೇಲಿಂದ ಹಿಂದೆ ನೋಡುತ್ತಾನಾ ಗಮನಿಸಿ. ಅನುಭವಿ ಎರಡು ಸಲ ನೋಡಿ, ಪಕ್ ಮುಟ್ಟುವ ಮುಂಚೆಯೇ ಯಾರಿಗೆ ಕೊಡಬೇಕು ಅಂತ ನಿರ್ಧರಿಸಿರುತ್ತಾನೆ. ಕಾಲು ನಿಧಾನವಾದರೂ ಇದು ಇದ್ದರೆ ಇನ್ನೊಂದು ವರ್ಷ ನಡೆಯುತ್ತದೆ. ಸುಮ್ಮನೆ ಅಂಗಳದ ಸುತ್ತಲಿನ ಗಾಜಿಗೆ ಬಡಿದು ಪಕ್ ಹೊರಹಾಕಲು ಶುರುಮಾಡಿದರೆ ಗಾಡಿ ನಿಂತಂತೆ.

ಒಪ್ಪಂದದಲ್ಲಿ ‘ಎಲ್ಲಿಗೂ ಕಳಿಸುವಂತಿಲ್ಲ’ ಎಂಬ ಷರತ್ತಿದೆಯಾ ಅಂತಲೂ ನೋಡಿ. ಇದ್ದರೆ ಕೋಚ್ ಅವನನ್ನು ಕೂರಿಸಬಹುದು, ಕೆಳಗಿನ ಲೀಗಿಗೆ ಇಳಿಸುವಂತಿಲ್ಲ. 23 ಜನರ ಪಟ್ಟಿಯಲ್ಲಿ ಒಂದು ಜಾಗ ಬೀಗ ಹಾಕಿದ ಕೋಣೆಯಾಗುತ್ತದೆ.

ಒಂದು ವರ್ಷದ ಒಪ್ಪಂದದಲ್ಲಿರುವವನ ಜೊತೆ ತಂಡ ಮುಂದಿನ ಒಪ್ಪಂದ ಮಾಡಿಕೊಳ್ಳಬೇಕಾದರೆ ಜನವರಿ 1ರವರೆಗೆ ಕಾಯಬೇಕು. ಅಷ್ಟರಲ್ಲಿ ಅರ್ಧದ ಹತ್ತಿರ ಪಂದ್ಯಗಳು ಮುಗಿದಿರುತ್ತವೆ. ಡಿಸೆಂಬರ್‌ನಲ್ಲಿ ಸತತ ಎರಡು ರಾತ್ರಿ ಪಂದ್ಯ ಬಂದಾಗ, ಎರಡನೇ ರಾತ್ರಿಯ ಎರಡನೇ ಪೀರಿಯಡ್ ನೋಡಿ. ನಿಮ್ಮ ಪ್ರಶ್ನೆಗೆ ಉಳಿದ ಉತ್ತರ ಅಲ್ಲಿದೆ.