50 ಲಕ್ಷ ಮುಗಿದ ಮೇಲೆ ಮಗುವಿನ ಔಷಧಿಗೆ ದುಡ್ಡು ಯಾರದು?

ಮಕ್ಕಳ ಲಸಿಕೆ, ಪೋಲಿಯೊ ಹನಿ, ಶಾಲೆಯ ಆರೋಗ್ಯ ತಪಾಸಣೆ ಸರ್ಕಾರದ ಖರ್ಚಿನಲ್ಲೇ ಆಗಬೇಕು ಅನ್ನುವುದಕ್ಕೆ ಹಲವು ದಶಕಗಳಿಂದ ಯಾರ ತಕರಾರೂ ಇಲ್ಲ. ತಕರಾರು ಶುರುವಾಗುವುದು ಅಪರೂಪದ ಕಾಯಿಲೆಗಳ ಹತ್ತಿರ ಬಂದಾಗ. ಅಲ್ಲಿ ಒಂದೇ ಮಗುವಿಗೆ ಕೋಟಿಗಟ್ಟಲೆ ಬೇಕಾಗಬಹುದು.

ವಿಷಯ ದೊಡ್ಡದಾಗಿದ್ದು 2014ರಲ್ಲಿ. ದೆಹಲಿಯ ರಿಕ್ಷಾ ಚಾಲಕರೊಬ್ಬರ ಮಗನಿಗೆ ಗೌಷರ್ ಕಾಯಿಲೆ ಇತ್ತು. ದೇಹದಲ್ಲಿ ಒಂದು ಎನ್ಜೈಮ್ ಕೊರತೆಯಾಗಿ, ಗುಲ್ಮ ಮತ್ತು ಯಕೃತ್ತಿನಲ್ಲಿ ಕೊಬ್ಬಿನಂಥ ವಸ್ತು ಸೇರಿಕೊಂಡು ಹೊಟ್ಟೆ ಊದುವ ಕಾಯಿಲೆ ಅದು. ಬಡವ ಅನ್ನುವ ಕಾರಣಕ್ಕೆ ಯಾರನ್ನೂ ಸಾಯಲು ಬಿಡುವಂತಿಲ್ಲ ಎಂದ ದೆಹಲಿ ಹೈಕೋರ್ಟ್, ಉಚಿತವಾಗಿ ಔಷಧಿ ಕೊಡಲು ಹೇಳಿತು. 2017ರಲ್ಲಿ ರಾಷ್ಟ್ರೀಯ ನೀತಿಯೊಂದು ಬಂತು, 100 ಕೋಟಿ ರೂಪಾಯಿಯ ನಿಧಿಯ ಮಾತೂ ಆಯಿತು. ಆದರೆ ಆರೋಗ್ಯ ರಾಜ್ಯಗಳ ವಿಷಯ, ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಎದ್ದು, ಮರುವರ್ಷವೇ ಅದನ್ನು ತಡೆಹಿಡಿಯಲಾಯಿತು.

ಈಗಿನ ನೀತಿ 2021ರದ್ದು. ಅದು ಕಾಯಿಲೆಗಳನ್ನು ಮೂರು ಗುಂಪು ಮಾಡಿತು. ಒಂದೇ ಸಲದ ಚಿಕಿತ್ಸೆಯಲ್ಲಿ ವಾಸಿಯಾಗುವ ಮೊದಲ ಗುಂಪಿಗೆ 20 ಲಕ್ಷದವರೆಗೆ ನೆರವು ಸಿಕ್ಕಿತು. ಜೀವನಪೂರ್ತಿ ದುಬಾರಿ ಔಷಧಿ ಬೇಕಾದ ಮೂರನೇ ಗುಂಪಿನ ಮಕ್ಕಳಿಗೆ ಸಿಕ್ಕಿದ್ದು ದಾನ ಸಂಗ್ರಹಿಸುವ ಒಂದು ವೆಬ್‌ಸೈಟ್. ಅಲ್ಲಿ ಸೇರಿದ ಹಣ ತೀರಾ ಕಮ್ಮಿ. ಹಾಗಾಗಿ 2022ರಲ್ಲಿ ಯಾವ ಗುಂಪಿನವರಾದರೂ ಒಬ್ಬ ರೋಗಿಗೆ 50 ಲಕ್ಷದವರೆಗೆ ಕೊಡುವ ತೀರ್ಮಾನವಾಯಿತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ನಿಗದಿಯಾದ ಕೇಂದ್ರಗಳಲ್ಲೇ ಈ ಚಿಕಿತ್ಸೆ ಪಡೆಯಬೇಕು. ನಮ್ಮ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇದರಲ್ಲಿದೆ.

ತೊಡಕಿರುವುದು ಲೆಕ್ಕದಲ್ಲಿ. ಗೌಷರ್ ಇರುವ ಮಗುವಿಗೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಎನ್ಜೈಮ್ ಡ್ರಿಪ್ ಹಾಕಬೇಕು. ಎಷ್ಟು ಔಷಧಿ ಅನ್ನುವುದು ತೂಕದ ಮೇಲೆ ಹೋಗುತ್ತದೆ. ಇಂಥ ಕೆಲವು ಕಾಯಿಲೆಗಳಲ್ಲಿ 10 ಕೆ.ಜಿ. ತೂಕದ ಮಗುವಿಗೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿಗೂ ಜಾಸ್ತಿ ಖರ್ಚಾಗಬಹುದು ಎಂದು ನೀತಿಯೇ ಹೇಳುತ್ತದೆ. ಅಂದರೆ 50 ಲಕ್ಷ ಕೆಲವರಿಗೆ ಐದು ವರ್ಷ, ಕೆಲವರಿಗೆ ಆರು ತಿಂಗಳು. ಔಷಧಿ ಹಿಡಿಸಿ ಮಗು ಚೆನ್ನಾಗಿ ಬೆಳೆದಷ್ಟೂ ಡೋಸ್ ಜಾಸ್ತಿ, ಹಣ ಬೇಗ ಖಾಲಿ. ನಿಲ್ಲಿಸಿದರೆ ಹೊಟ್ಟೆ ಮತ್ತೆ ಊದಲು ಶುರು. ಜೀವನಪೂರ್ತಿ ಬೇಕಾದ ಔಷಧಿಗೆ ಒಂದೇ ಸಲದ ಮೊತ್ತ ಕಟ್ಟಿದರೆ ಹೀಗಲ್ಲದೆ ಇನ್ನೇನಾದೀತು?

ಮಿತಿ ಹಾಕುವವರ ವಾದವೂ ಪೊಳ್ಳಲ್ಲ. ಒಂದು ಮಗುವಿನ ಒಂದು ವರ್ಷದ ಔಷಧಿಯ ದುಡ್ಡಿನಲ್ಲಿ ನೂರಾರು ಮಕ್ಕಳಿಗೆ ಬೇರೆ ಚಿಕಿತ್ಸೆ ಕೊಡಬಹುದು ಅನ್ನುತ್ತಾರೆ. ಆದರೆ ಶುರು ಮಾಡಿದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಖರ್ಚು ಮಾಡಿದ 50 ಲಕ್ಷವೂ ನೀರುಪಾಲು. ಈ ಲೆಕ್ಕವನ್ನು ಯಾಕೋ ಯಾರೂ ಮುಂದಿಡುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್, ಎರಡು ವರ್ಷಕ್ಕೆ 974 ಕೋಟಿಯ ರಾಷ್ಟ್ರೀಯ ನಿಧಿ ಮಾಡಿ, ಮಿತಿಯನ್ನೂ ಸಡಿಲಿಸಿ ಎಂದಿತು. ವಿವಾದ ಸುಪ್ರೀಂ ಕೋರ್ಟ್‌ಗೆ ಹೋಯಿತು.

ಈ ನಡುವೆ ಚರ್ಚೆ ಬೆಲೆಯ ಕಡೆ ಹೊರಳಿದೆ. ಸ್ನಾಯುಗಳನ್ನು ಸೊರಗಿಸುವ ಎಸ್‌ಎಂಎ ಕಾಯಿಲೆಗೆ ಕೊಡುವ ರಿಸ್ಡಿಪ್ಲಾಮ್ ಔಷಧಿಯ ಬಾಟಲಿಗೆ ಸುಮಾರು 6 ಲಕ್ಷ ಇತ್ತು. 2025ರಲ್ಲಿ ಪೇಟೆಂಟ್ ವಿವಾದದ ನಂತರ ಬಂದ ಭಾರತೀಯ ಜೆನೆರಿಕ್‌ನ, ಅಂದರೆ ಅದೇ ಔಷಧಿಯನ್ನು ಇಲ್ಲಿನ ಕಂಪನಿ ತಯಾರಿಸಿದ್ದರ, ಬೆಲೆ 15,900 ರೂಪಾಯಿ. ಎನ್ಜೈಮ್ ಔಷಧಿಗಳನ್ನು ಇಷ್ಟು ಸುಲಭವಾಗಿ ತಯಾರಿಸಲು ಆಗುವುದಿಲ್ಲ. ಅವು ಜೀವಕೋಶಗಳಲ್ಲಿ ಬೆಳೆಸಬೇಕಾದವು. ಅದನ್ನು ನಮ್ಮಲ್ಲೇ ಮಾಡುವ ಕೆಲಸಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗಾದರೂ ಡ್ರಿಪ್ ನಿಲ್ಲದಂತೆ ನೋಡಿಕೊಳ್ಳಿ ಅನ್ನುವುದು ಅಪ್ಪ-ಅಮ್ಮಂದಿರ ಬೇಡಿಕೆ.